ಸ್ಲೈಡರು: ಏರಿಸಬೇಕೆ, ಇಳಿಸಬೇಕೆ?

ಬೇಸ್ ಜಿಗಿತದ ಚಿತ್ರಗಳನ್ನು ನೋಡಿದ ಮಿತ್ರರು ಸಾಮಾನ್ಯವಾಗಿ ಎರಡೇ ಮಾತು ಆಡುತ್ತಾರೆ. "ಎಂಥ ಎದೆಗಾರಿಕೆ!" ಎಂಬುದೊಂದು, "ಎಂಥ ಹುಚ್ಚು!" ಎಂಬುದು ಇನ್ನೊಂದು. ಎರಡೂ ಮಾತುಗಳು ನಿಜವಾದ ಗಂಡಾಂತರ ಎಲ್ಲಿದೆಯೆಂಬುದನ್ನು ಮರೆಸುತ್ತವೆಂದು ನನ್ನ ಅಭಿಪ್ರಾಯ. ಬಂಡೆಯ ಅಂಚಿನಲ್ಲಿ ಕಾಲು ನಡುಗದಿರುವುದು ಅಂಥ ದೊಡ್ಡ ಮಾತಲ್ಲ. ಅದಕ್ಕೂ ಮೊದಲು, ನೆಲದ ಮೇಲೆ ಕುಳಿತು ಪ್ಯಾರಾಶೂಟನ್ನು ಮಡಿಸುವಾಗ, ಒಂದು ತುಂಡು ಬಟ್ಟೆಯನ್ನು ಎಲ್ಲಿಡಬೇಕೆಂದು ನಿರ್ಧರಿಸುವುದೇ ದೊಡ್ಡದು.

ಕಟ್ಟಡ, ಆಂಟೆನಾ ಗೋಪುರ, ಸೇತುವೆ, ಕಡಿದಾದ ಬಂಡೆ, ಇವುಗಳ ಮೇಲಿಂದ ಧುಮುಕುವುದಕ್ಕೆ ಬೇಸ್ ಎಂದು ಹೆಸರು. ನಾನು ಹೇಳಿದ ತುಂಡು ಬಟ್ಟೆಯೇ ಸ್ಲೈಡರು. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ಉಂಗುರಗಳಿರುತ್ತವೆ. ಪ್ಯಾರಾಶೂಟಿನ ದಾರಗಳು ನಾಲ್ಕು ಗುಂಪಾಗಿ ಈ ಉಂಗುರಗಳಲ್ಲಿ ಹಾದುಬರುತ್ತವೆ. ಮಡಿಸುವಾಗ ಸ್ಲೈಡರನ್ನು ಮೇಲಕ್ಕೇರಿಸಿಟ್ಟರೆ, ಬಿಚ್ಚಿಕೊಳ್ಳುವ ಪ್ಯಾರಾಶೂಟು ಅದನ್ನು ಕೆಳಕ್ಕೆ ನೂಕುತ್ತದೆ, ಎದುರುಗಾಳಿ ಮೇಲಕ್ಕೆ ಒತ್ತುತ್ತದೆ. ಈ ಹಗ್ಗಜಗ್ಗಾಟದಿಂದಾಗಿ ಪ್ಯಾರಾಶೂಟು ಒಮ್ಮೆಲೇ ಸಿಡಿಯದೆ ಮೆಲ್ಲಗೆ ಅರಳುತ್ತದೆ. ವಿಮಾನದಿಂದ ಧುಮುಕಿ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಬೀಳುವವನಿಗೆ ಇದು ಪ್ರಾಣರಕ್ಷಕ.

"ಹಾಗಿದ್ದರೆ ಎಲ್ಲೆಡೆಯೂ ಏರಿಸಿಟ್ಟರಾಯಿತು, ನಷ್ಟವೇನು?" ಎಂದು ನಮ್ಮ ಹಾಸ್ಟೆಲಿನ ಗೆಳೆಯರೊಬ್ಬರು ಕೇಳಿದರು. ನಷ್ಟವಿದೆ. ಅಮೆರಿಕದ ಐಡಹೊ ಸಂಸ್ಥಾನದಲ್ಲಿ ಸ್ನೇಕ್ ನದಿಯ ಮೇಲಿರುವ ಪೆರೀನ್ ಸೇತುವೆಯನ್ನು ನೋಡಿ. ಅದರ ಎತ್ತರ 148 ಮೀಟರ್. ಪ್ಯಾರಾಶೂಟು ಬಿಚ್ಚದಿದ್ದರೆ ಐದೂವರೆ ಸೆಕೆಂಡಿನಲ್ಲಿ ನೀರು! ಎರಡು ಸೆಕೆಂಡು ಬಿದ್ದವನು ಸುಮಾರು 20 ಮೀಟರ್ ಇಳಿದಿರುತ್ತಾನೆ, ಅವನ ವೇಗ ಗಂಟೆಗೆ 70 ಕಿಲೋಮೀಟರ್. ಅಲ್ಲಿ ಮೆಲ್ಲಗೆ ಅರಳುವ ಪ್ಯಾರಾಶೂಟಿಗಾಗಿ ಕಾಯಲು ಆಕಾಶವೇ ಉಳಿದಿಲ್ಲ. ಆದ್ದರಿಂದ ಇಂಥ ಕಡೆ ಸ್ಲೈಡರನ್ನು ಕೆಳಗಿಳಿಸಿ ದಾರಗಳ ಬುಡದಲ್ಲಿ ಕಟ್ಟಿಬಿಡುತ್ತಾರೆ, ಇಲ್ಲವೆ ತೆಗೆದೇ ಹಾಕುತ್ತಾರೆ.

ಇಳಿಸುವುದಕ್ಕೂ ಬೆಲೆ ತೆರಬೇಕು. ದಾರಗಳನ್ನು ಗುಂಪುಗುಂಪಾಗಿ ಹಿಡಿದಿಡುತ್ತಿದ್ದ ಉಂಗುರಗಳು ಈಗ ಮೇಲಿಲ್ಲ. ಹಿಂಬದಿಯ ಬ್ರೇಕಿನ ದಾರವೊಂದು ಹಾರಿ ಪ್ಯಾರಾಶೂಟಿನ ಮೇಲೆ ಅಡ್ಡಬಿದ್ದರೆ ಅದು ಸೊಟ್ಟಗಾಗಿ ಗಿರಗಿರನೆ ಸುತ್ತತೊಡಗುತ್ತದೆ. ಪಕ್ಕದಲ್ಲೇ ಬಂಡೆಯಿದ್ದರೆ ಮುಂದಿನ ಮಾತು ಹೇಳಬೇಕಾಗಿಲ್ಲ. ಬೇಸ್ ಜಿಗಿತದಲ್ಲಿ ಎರಡನೆಯ ಪ್ಯಾರಾಶೂಟೂ ಇರುವುದಿಲ್ಲ. ಇದಕ್ಕಾಗಿಯೇ ಆ ದಾರಗಳನ್ನು ಅರೆಕ್ಷಣ ಒಟ್ಟಿಗೆ ಹಿಡಿದಿಡುವ 'ಟೇಲ್‌ಗೇಟ್' ಎಂಬ ಪುಟ್ಟ ಕಟ್ಟನ್ನು ಬಳಸುತ್ತಾರೆ. ಬ್ರೇಕಿನ ದಾರವನ್ನು ಉಂಗುರಗಳ ಹೊರಗಿನಿಂದ ತರುತ್ತಾರೆ. ಅಡ್ಡಬಿದ್ದರೆ ಅದರ ಹಿಡಿಯನ್ನೇ ಕೈಬಿಟ್ಟು ದಾರವನ್ನು ಬಿಡಿಸಿಕೊಳ್ಳಬಹುದು.

ನಾರ್ವೆಯ ಶೆರಾಗ್ ಬಂಡೆಯಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ಕೆಳಗೆ ಸುಮಾರು 1000 ಮೀಟರ್ ಬಯಲಿದೆ, ಬಹಳ ಹೊತ್ತು ಬೀಳಬಹುದು. ವೇಗ ಇಮ್ಮಡಿಯಾದರೆ ಗಾಳಿಯ ಹೊಡೆತ ನಾಲ್ಮಡಿಯಾಗುತ್ತದೆ. (ಕಲಾ ವಿಭಾಗದವನಾದ ನನಗೂ ಇಷ್ಟು ಭೌತಶಾಸ್ತ್ರ ಅರ್ಥವಾಗುತ್ತದೆ.) ಸ್ಲೈಡರಿಲ್ಲದೆ ಆ ವೇಗದಲ್ಲಿ ಬಿಚ್ಚಿದರೆ ಬಟ್ಟೆ ಹರಿಯಬಹುದು, ಮೂಳೆ ಮುರಿಯಬಹುದು. ಅಲ್ಲಿ ಏರಿಸಲೇಬೇಕು. ಆದರೂ ಬೇಸ್ ಜಿಗಿತದವರು ಬಲೆಯಂಥ ಬಟ್ಟೆಯ ಸ್ಲೈಡರನ್ನೇ ಆರಿಸುತ್ತಾರೆ. ಗಾಳಿ ಅದರೊಳಗೆ ನುಸುಳುವುದರಿಂದ ತಡ ಸ್ವಲ್ಪ ಕಡಿಮೆ.

ಸುಮಾರು ಮೂರು ಸೆಕೆಂಡಿನ ಬೀಳುವಿಕೆಯೇ ಈ ಎರಡು ಪದ್ಧತಿಗಳ ನಡುವಣ ಗಡಿ. ನನ್ನ ತಕರಾರು ಇರುವುದು ಈ ಗಡಿಯಲ್ಲಿಯೇ. ಇಳಿಸಿ ಮಡಿಸಿಕೊಂಡು ಬಂದವನು ಅಂಚಿನಲ್ಲಿ ನಿಂತು, "ಎತ್ತರ ಸಾಕಷ್ಟಿದೆ, ಇನ್ನೆರಡು ಸೆಕೆಂಡು ಬೀಳೋಣ" ಎಂದುಕೊಳ್ಳುತ್ತಾನೆ. ಏರಿಸಿಕೊಂಡು ಬಂದವನು ತಗ್ಗಿನ ಅಂಚನ್ನು ಕಂಡೂ, "ಇಷ್ಟು ದೂರ ಹತ್ತಿ ಬಂದಾಯಿತಲ್ಲ" ಎನ್ನುತ್ತಾನೆ. ಬೆನ್ನಮೇಲಿನ ಗಂಟಿಗೆ ಅವನ ಮನಸ್ಸು ಬದಲಾದದ್ದು ತಿಳಿಯದು. ಹೀಗೆ ಜಿಗಿಯುವವನನ್ನು ಧೀರನೆಂದು ಕರೆಯಲು ನಾನು ಒಪ್ಪೆ. ಚೀಲವನ್ನು ಹೊತ್ತು ಬಂದ ದಾರಿಯಲ್ಲೇ ನಡೆದು ಇಳಿಯುವವನನ್ನು ಹೇಡಿಯೆಂದು ನಗುವ ಸಂಗಡಿಗರನ್ನಂತೂ ಸುತರಾಂ ಒಪ್ಪೆ.

ಪೆರೀನ್ ಸೇತುವೆಯ ಪಕ್ಕದಲ್ಲಿ ಒಂದು ಹುಲ್ಲುಹಾಸಿದೆ. ಕೆಳಗಿಳಿದವರು ಮತ್ತೆ ಮೇಲೆ ಬಂದು ಅಲ್ಲಿಯೇ ಮೊಣಕಾಲೂರಿ, ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿ, ಮುಂದಿನ ಜಿಗಿತಕ್ಕೆ ಮಡಿಸುತ್ತಾರೆ. ಪ್ರೇಕ್ಷಕರ ಕ್ಯಾಮೆರಾಗಳು ಮಾತ್ರ ಸೇತುವೆಯ ಕಡೆಗೆ ತಿರುಗಿರುತ್ತವೆ.