ಅನುಮತಿಯ ಕಡತ ನಿಮ್ಮ ಮೇಜಿನ ಮೇಲೇ ಏಕೆ?

ಕರ್ನಾಟಕದ ಗೃಹ ಸಚಿವರಿಗೆ,

ಮಾನ್ಯರೇ,

ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮದ್ದೂರು ದಾಟಿದರೆ ಗೆಜ್ಜಲಗೆರೆ. ಹೊರಗಿನವರಿಗೆ ಅದು ಮನ್‌ಮುಲ್ ಡೇರಿಯ ಊರು, ರೈತಸಂಘದವರಿಗೆ 1982ರ ಗೋಲಿಬಾರಿನ ಊರು. ನರಗುಂದದಲ್ಲಿ ರೈತರ ಮೇಲೆ ಗುಂಡು ಹಾರಿ ಎರಡೇ ವರ್ಷಕ್ಕೆ ಇಲ್ಲೂ ಹಾರಿತು, ಜೀವಗಳು ಹೋದವು. ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರವನ್ನು ಜನ 1983ರ ಜನವರಿಯಲ್ಲಿ ಮನೆಗೆ ಕಳಿಸಿದರು. ಸರ್ಕಾರವನ್ನು ಶಿಕ್ಷಿಸಲು ಓಟು ಸಾಕು. ಗುಂಡು ಹಾರಿಸಲು ಹೇಳಿದ ಅಧಿಕಾರಿಯನ್ನು ಕಟಕಟೆಗೆ ತರಬೇಕೆಂದರೆ ಸರ್ಕಾರದ್ದೇ ಸಹಿ ಬೇಕು.

ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಕಲಂ ಹೇಳುವುದು ಇದನ್ನೇ. ಕರ್ತವ್ಯದ ಹೆಸರಿನಲ್ಲಿ ಮಾಡಿದ್ದಕ್ಕೆ ಮಾತ್ರವಲ್ಲ, ಅಧಿಕಾರ ಮೀರಿ ಮಾಡಿದ್ದಕ್ಕೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಪರಿಹಾರ ಕೇಳುವ ಸಿವಿಲ್ ದಾವೆಗೂ ಅದೇ ಬೀಗ, ಜೊತೆಗೆ ಎರಡು ತಿಂಗಳ ನೋಟಿಸು. ಕರ್ತವ್ಯಕ್ಕೂ ಕೃತ್ಯಕ್ಕೂ ಸಮಂಜಸ ನಂಟಿದ್ದರೆ ಮಿತಿ ಮೀರಿದ್ದರೂ ಅನುಮತಿ ಬೇಕೇ ಬೇಕೆಂದು 2020ರ ಜೂನ್ 18ರಂದು ಸುಪ್ರೀಂ ಕೋರ್ಟ್ ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಹೇಳಿತು. ಲಾಕಪ್ಪಿನಲ್ಲಿ ಹೊಡೆದರೆಂಬ ದೂರು ಅದು.

ಪೊಲೀಸರಿಗೆ ರಕ್ಷಣೆಯೇ ಬೇಡ ಎನ್ನುವವನಲ್ಲ ನಾನು. ಕಾವೇರಿ ಗಲಾಟೆಯ ದಿನ ಹೆದ್ದಾರಿಯಲ್ಲಿ ಕಲ್ಲೇಟು ತಿನ್ನುತ್ತಾ ಬಂದೋಬಸ್ತಿಗೆ ನಿಂತ ಪೇದೆಯ ಮೇಲೆ ಸಿಕ್ಕಸಿಕ್ಕವರೆಲ್ಲ ಕೇಸು ಜಡಿದರೆ ಯಾರೂ ಲಾಠಿ ಹಿಡಿಯಲಿಕ್ಕಿಲ್ಲ. ಸುಳ್ಳು ಕೇಸು ಹಾಕುವುದರಲ್ಲಿ ನಮ್ಮ ಕಡೆಯವರೇನೂ ಕಡಿಮೆಯಲ್ಲ. ಆದರೆ ಕೇಸಿನಲ್ಲಿ ಹುರುಳಿದೆಯೋ ಇಲ್ಲವೋ ಎಂದು ಜರಡಿ ಹಿಡಿಯಬೇಕಾದವರು ನ್ಯಾಯಾಧೀಶರು. ಗುಂಡಿನ ಹಿಂದೆ ಯಾರ ಸರ್ಕಾರವಿತ್ತೋ ಅದೇ ಸರ್ಕಾರ ಅನುಮತಿಯ ಕಡತವನ್ನೂ ಇಟ್ಟುಕೊಂಡು ಕೂರುವುದು ಯಾವ ನ್ಯಾಯ?

ಇನ್ನು ಪರಿಹಾರದ ಹಣ. 1993ರಲ್ಲಿ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಒಡಿಶಾ ಸರ್ಕಾರ 1.5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಸರ್ಕಾರ ಕೊಡುವ ಅಂಥ ಹಣ ನಮ್ಮೆಲ್ಲರ ತೆರಿಗೆಯದು, ತಪ್ಪಿತಸ್ಥನ ಸಂಬಳದ್ದಲ್ಲ.

ಸರ್ಕಾರಿ ನೌಕರರ ವಿಚಾರಣೆಗೆ ಅನುಮತಿ ಕೋರಿದ ಮೇಲೆ 120 ದಿನದೊಳಗೆ ನಿರ್ಧಾರವಾಗದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಹೇಳುತ್ತದೆ. ಅಂಥದ್ದೇ ಗಡುವನ್ನು 170ನೇ ಕಲಮಿಗೂ ಹಾಕಿ. ಅನುಮತಿ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಿ. ಸಿವಿಲ್ ದಾವೆಯನ್ನು ಆ ಕಲಮಿನಿಂದ ಪೂರ್ತಿ ಬಿಡಿಸಿ. ಪರಿಹಾರದ ಹಣ ಆದೇಶ ಪಾಲಿಸಿದ ಪೇದೆಗಿಂತ ಆದೇಶ ಕೊಟ್ಟ ಅಧಿಕಾರಿಯಿಂದ ಮೊದಲು ವಸೂಲಿಯಾಗಲಿ. ಮುಂದಿನ ಅಧಿವೇಶನದಲ್ಲೇ ತಿದ್ದುಪಡಿ ಮಸೂದೆ ಮಂಡಿಸಬೇಕೆಂದು ಕೋರುತ್ತೇನೆ.

ಇತಿ,
ಗೆಜ್ಜಲಗೆರೆಯ ಒಬ್ಬ ರೈತ