ಹರಿಶ್ಚಂದ್ರನೆಂಬ ಬೈಗುಳ

ಕೆಲವು ವರ್ಷಗಳ ಹಿಂದೆ ಪಹಣಿಯಲ್ಲಿ ಹೆಸರೊಂದನ್ನು ತಿದ್ದಿಸುವ ಸಲುವಾಗಿ ತಾಲ್ಲೂಕು ಕಚೇರಿಯೊಂದಕ್ಕೆ ಹಲವು ದಿನ ಅಲೆಯಬೇಕಾಗಿ ಬಂದಾಗ, ಅಲ್ಲಿಯ ಗುಮಾಸ್ತರೊಬ್ಬರನ್ನು ಹತ್ತಿರದಿಂದ ನೋಡುವ ಸಂದರ್ಭ ನನಗೊದಗಿತು. ಅವರ ಮೇಜಿನ ಮೇಲಿನ ಕಡತಗಳು ಬಂದ ತಾರೀಖಿನ ಕ್ರಮದಲ್ಲಿಯೇ ಇರುತ್ತಿದ್ದುವು. ಮೇಲಿನದನ್ನು ಅಡಿಗೆ ಸೇರಿಸುವ, ಅಡಿಯದನ್ನು ಮೇಲೆಳೆಯುವ ಅಭ್ಯಾಸ ಅವರಿಗಿರಲಿಲ್ಲ. ಅರ್ಜಿಯಲ್ಲಿ ಕೊರತೆಗಳಿದ್ದರೆ ಅವೆಲ್ಲವನ್ನೂ ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಅರ್ಜಿದಾರನ ಕೈಗೆ ಕೊಡುತ್ತಿದ್ದರು. ದಿನಕ್ಕೊಂದರಂತೆ ಕೊರತೆಯನ್ನು ಕಂಡುಹಿಡಿದು ರೈತನನ್ನು ಆರು ಸಲ ಬಸ್ಸು ಹತ್ತಿಸುವುದು ಬಾಯಿಬಿಟ್ಟು ಕೇಳದೆಯೇ ಲಂಚ ಕೇಳುವ ವಿಧಾನವೆಂಬುದನ್ನು ಅನುಭವಿಸಿ ಬಲ್ಲವರಿಗೆ ಆ ಒಂದು ಚೀಟಿಯ ಬೆಲೆ ತಿಳಿದೀತು.

ಅವರನ್ನು ಸಹೋದ್ಯೋಗಿಗಳು ಹೆಸರಿಡಿದು ಕರೆಯುತ್ತಿರಲಿಲ್ಲ. "ಅದಾ? ನಮ್ಮ ಹರಿಶ್ಚಂದ್ರರ ಹತ್ತಿರ ಹೋಗಿ" ಎಂದು ಒಬ್ಬರು ಹೇಳಿದರೆ ಉಳಿದವರು ನಗುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ದಾಖಲೆಗಳ ಕೋಣೆಯಲ್ಲಿ ಎಲ್ಲರೂ ಸುತ್ತ ಕುಳಿತು ಪಲ್ಯ, ಉಪ್ಪಿನಕಾಯಿಗಳನ್ನು ಹಂಚಿಕೊಳ್ಳುತ್ತಿದ್ದಾಗ, ಇವರು ಕಿಟಕಿಯ ಪಕ್ಕದ ತಮ್ಮ ಮೇಜಿನಲ್ಲಿಯೇ ಕಡತಗಳನ್ನು ಒಂದಿಷ್ಟು ಸರಿಸಿ, ಬುತ್ತಿಯ ಮುಚ್ಚಳ ತೆರೆದು ಒಬ್ಬರೇ ಉಣ್ಣುತ್ತಿದ್ದುದನ್ನು ನಾನು ಮೂರು ದಿನ ನೋಡಿದೆ. ಆ ನೋಟ ನನ್ನ ಮನಸ್ಸಿನಿಂದ ಇಂದಿಗೂ ಮಾಸಿಲ್ಲ.

ಎಂಟು ಶತಮಾನಗಳ ಹಿಂದೆ ರಾಘವಾಂಕನು ಕಾವ್ಯವಾಗಿಸಿದ, ಹಳ್ಳಿಯ ಬಯಲಾಟದಿಂದ ಪೇಟೆಯ ಕಂಪನಿ ನಾಟಕದವರೆಗೆ ತಲೆಮಾರುಗಳ ಕಣ್ಣುಗಳನ್ನು ತೋಯಿಸಿದ, ಬಾಲಕ ಗಾಂಧಿಯು ನಾಟಕದಲ್ಲಿ ಕಂಡು ಎಲ್ಲರೂ ಏಕೆ ಹೀಗಿರಬಾರದೆಂದು ಹಂಬಲಿಸಿದ ಒಂದು ಹೆಸರು ನಮ್ಮ ಕಚೇರಿಗಳಲ್ಲಿ ಬೈಗುಳವಾಗಿ ಬಳಕೆಯಾಗುತ್ತಿರುವುದು ಸಣ್ಣ ಸಂಗತಿಯಲ್ಲ. ಉದ್ಯೋಗದ ನೀತಿಯೆಂದೊಡನೆ ನಾವು ವ್ಯಕ್ತಿಯ ಅಂತಃಕರಣವನ್ನು ಮಾತ್ರ ನೆನೆಯುತ್ತೇವೆ. ಕಳ್ಳನನ್ನು ಹಿಡಿದು ದಂಡಿಸಿ ಸಜ್ಜನನನ್ನು ಹೊಗಳಿದರೆ ಕಾರ್ಯ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಯಾವ ಕಚೇರಿಯ ನೀತಿಯೂ ಅಲ್ಲಿಯ ಅತ್ಯಂತ ಪ್ರಾಮಾಣಿಕನಿಂದಾಗಲಿ ಅತ್ಯಂತ ಭ್ರಷ್ಟನಿಂದಾಗಲಿ ನಿರ್ಣಯವಾಗುವುದಿಲ್ಲವೆಂದೂ, ಇವರಿಬ್ಬರ ನಡುವೆ ಕುಳಿತ ಬಹುಮಂದಿ ಸಾಮಾನ್ಯರು ಯಾರ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾರೆಂಬುದರಿಂದಲೇ ನಿರ್ಣಯವಾಗುತ್ತದೆಂದೂ ನನಗೆ ದೃಢವಾಗಿ ತೋರುತ್ತದೆ.

ನಿಯಮಗಳಿಗೇನೂ ನಮ್ಮಲ್ಲಿ ಬರಗಾಲವಿಲ್ಲ. 2012ರಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯ ಪ್ರಕಾರ, ಗೊತ್ತುಪಡಿಸಿದ ಅವಧಿಯೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ತಪ್ಪಿತಸ್ಥ ನೌಕರನಿಂದ ವಸೂಲು ಮಾಡಿ ಅರ್ಜಿದಾರನಿಗೆ ಪರಿಹಾರ ಕೊಡತಕ್ಕದ್ದು. ಕೆಲಸಕ್ಕೆ ಬಂದ ನೌಕರನು ತನ್ನ ಜೇಬಿನಲ್ಲಿ ಎಷ್ಟು ಹಣವಿದೆಯೆಂದು ಬರೆದಿಡಲು ನಗದು ಘೋಷಣಾ ವಹಿಯೆಂಬುದೊಂದು ಪುಸ್ತಕವಿದೆ. ಸಂಜೆ ಜೇಬಿನಲ್ಲಿ ಹೆಚ್ಚಿನ ಹಣ ಸಿಕ್ಕಿದರೆ ಲೆಕ್ಕ ಕೇಳಲೆಂದೇ ಅದನ್ನು ಇರಿಸಿರುವುದು. ನಾನು ಹೇಳಿದ ಆ ಕಚೇರಿಯಲ್ಲಿ ಅದು ಬಾಗಿಲ ಬಳಿಯ ಮೇಜಿನ ಮೇಲೆಯೇ ತೆರೆದಿತ್ತು. ಒಂದು ಇಡೀ ಪುಟದಲ್ಲಿ ಎಲ್ಲರ ಹೆಸರಿನ ಮುಂದೆಯೂ 200 ರೂಪಾಯಿ ಎಂದು, ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಬರೆದಿತ್ತು. ಒಂದು ಸಾಲಿನಲ್ಲಿ ಮಾತ್ರ ಬೇರೆ ಅಕ್ಷರದಲ್ಲಿ 86 ರೂಪಾಯಿ ಎಂದಿತ್ತು. ಅದು ಯಾರ ಸಾಲೆಂಬುದನ್ನು ಹೇಳಬೇಕಾಗಿಲ್ಲ. ಉಳಿದವರೆಲ್ಲ ಲಂಚಕೋರರೆಂದು ನಾನು ಹೇಳಲಾರೆ, ಅವರಲ್ಲಿ ಅನೇಕರು ಒಂದು ಕಾಸನ್ನೂ ಮುಟ್ಟದವರಿರಬಹುದು. ಆದರೂ ಆ ಒಂದೇ ಕೈಬರಹದ ನೆರಳಿನಲ್ಲಿ ಮುಟ್ಟುವವನು ನಿಶ್ಚಿಂತನಾಗಿ ಕುಳಿತಿದ್ದನು.

ಈ ನೆರಳು ಎಷ್ಟು ದೂರ ಹೋಗಬಲ್ಲುದೆಂಬುದನ್ನು ನೆನೆದಾಗಲೆಲ್ಲ ನನಗೆ ಮಂಜುನಾಥ್ ಷಣ್ಮುಗಂ ಅವರ ನೆನಪಾಗುತ್ತದೆ. ಕೋಲಾರದ ನೆಲದ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಲಖನೌದ ಐ.ಐ.ಎಂ.ನಲ್ಲಿ ಪದವಿ ಪಡೆದು, ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿದ್ದವರು. ಕಲಬೆರಕೆ ಎಣ್ಣೆ ಮಾರುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗಮುದ್ರೆ ಹಾಕಿಸಿ, ಅದು ಪುನಃ ತೆರೆದ ಬಳಿಕ ಮತ್ತೆ ತಪಾಸಣೆಗೆ ಹೋದಾಗ, 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರ ವಯಸ್ಸು ಇಪ್ಪತ್ತೇಳು. ಕೊಂದವರಿಗೆ ನ್ಯಾಯಾಲಯಗಳು ಶಿಕ್ಷೆ ವಿಧಿಸಿದುವು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಾವಧಿ ಸಜೆಯನ್ನು ಎತ್ತಿಹಿಡಿಯಿತು. ಆದರೆ ಕಲಬೆರಕೆಯೆಂಬುದು ಒಬ್ಬಿಬ್ಬರ ಗುಟ್ಟಿನಲ್ಲಿ ನಡೆಯುವ ಕೆಲಸವಲ್ಲ. ಟ್ಯಾಂಕರ್ ನಡೆಸುವವನಿಗೆ, ಎಣ್ಣೆ ಹಾಕುವ ಹುಡುಗನಿಗೆ, ಲೆಕ್ಕ ಬರೆಯುವವನಿಗೆ, ಹಾದಿಬದಿಯ ಮೆಕ್ಯಾನಿಕ್ಕಿಗೆ ಕೂಡ ಅದರ ವಾಸನೆ ಹತ್ತಿರುತ್ತದೆ. ಇಷ್ಟು ಜನ ತಿಳಿದ ಸಂಗತಿಯನ್ನು ಒಬ್ಬನೇ ಎತ್ತಿ ಆಡಬೇಕಾದ ಸ್ಥಿತಿಯಿದ್ದುದರಿಂದಲೇ, ಆ ಒಬ್ಬನನ್ನು ಮುಗಿಸಿದರೆ ಸಂಗತಿಯೂ ಮುಗಿಯಿತೆಂದು ಕೊಲೆಗಾರರು ಎಣಿಸಲು ಸಾಧ್ಯವಾಯಿತು. ಹತ್ತು ಮಂದಿ ಸಹಿ ಮಾಡಿದ ವರದಿಯನ್ನು ಗುಂಡಿಕ್ಕಿ ಕೊಲ್ಲಲಾಗದು.

ಅಕ್ರಮವನ್ನು ಬಯಲಿಗೆಳೆಯುವವರನ್ನು ರಕ್ಷಿಸಲು ಸಂಸತ್ತು 2014ರಲ್ಲಿ ಒಂದು ಕಾಯಿದೆಯನ್ನು ಅಂಗೀಕರಿಸಿತು. ಅದನ್ನು ಜಾರಿಗೆ ತರುವ ಅಧಿಸೂಚನೆಯಿಲ್ಲದೆ ವರ್ಷಗಳು ಉರುಳಿದುವು. ಕಾಯಿದೆ ಜಾರಿಗೆ ಬರಲಿ, ಬರಲೇಬೇಕು. ಆದರೆ ಮೇಜಿನಿಂದ ಮೇಜಿಗೆ ಇರುವ ನಾಲ್ಕು ಅಡಿಯ ಅಂತರವನ್ನು ಯಾವ ಕಾಯಿದೆಯೂ ದಾಟಿಸಲಾರದು. 2013ರ ಕಾನೂನಿನಂತೆ, ಹತ್ತು ಜನರಿಗೆ ಕಡಮೆಯಿಲ್ಲದ ಪ್ರತಿಯೊಂದು ಉದ್ಯೋಗಸ್ಥಳದಲ್ಲಿಯೂ ಲೈಂಗಿಕ ಕಿರುಕುಳದ ದೂರುಗಳನ್ನು ಆಲಿಸುವ ಆಂತರಿಕ ಸಮಿತಿ ಇರತಕ್ಕದ್ದು. ಆದರೆ ಆ ಸಮಿತಿಯ ಮುಂದೆ ಹೆಣ್ಣುಮಗಳೊಬ್ಬಳು ನಿಂತಾಗ, ಪಕ್ಕದ ಕುರ್ಚಿಯಲ್ಲಿದ್ದು ಎಲ್ಲವನ್ನೂ ಕಂಡವರು "ನಾನು ಗಮನಿಸಲಿಲ್ಲ" ಎಂದುಬಿಟ್ಟರೆ, ಕಾನೂನು ಅವಳಿಗೆ ಏನನ್ನು ಕೊಟ್ಟಂತಾಯಿತು?

ನಮ್ಮ ಶರಣರು ಕಾಯಕದ ನಿಯಮವನ್ನು ಈ ಕಾನೂನುಗಳಿಗಿಂತ ಆಳವಾಗಿ ಕಂಡಿದ್ದರು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಬೇಯಿಸಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಈ ಕಥೆಯಲ್ಲಿ ನನ್ನನ್ನು ಸೆಳೆಯುವುದು ಆ ದಂಪತಿಗಳ ನಿರ್ಲೋಭವಷ್ಟೇ ಅಲ್ಲ: ಮಾರಯ್ಯನ ಕೈ ತಪ್ಪಿದಾಗ ಅದನ್ನು ತಡೆಯಲು ಇನ್ನೊಂದು ಕೈ ಮನೆಯಲ್ಲಿಯೇ ಇತ್ತು. ಅವಳು ಅವನನ್ನು ಹೀಯಾಳಿಸಲಿಲ್ಲ, ದೂರು ಕೊಡಲೂ ಹೋಗಲಿಲ್ಲ. ಎಚ್ಚರಿಸಿದಳು, ಅವನು ಹಿಂದಿರುಗಿ ಹೋದನು.

ಸಂಸಾರವಿದೆ, ಮನೆಯ ಸಾಲವಿದೆ, ದೂರದ ಊರಿಗೆ ವರ್ಗ ಮಾಡಿಯಾರೆಂಬ ಭಯವಿದೆ ಎಂದು ಹೇಳುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಲ್ಲರೂ ಮಂಜುನಾಥರಾಗಬೇಕೆಂದು ಯಾರೂ ಕೇಳತಕ್ಕದ್ದಲ್ಲ. ಹಾಗೆ ಕೇಳುವ ಸಮಾಜ ತನ್ನ ಹೊರೆಯನ್ನು ಸತ್ತವರ ಹೆಗಲ ಮೇಲೆ ಹೊರಿಸಿ ಕುಳಿತ ಸಮಾಜ. ನಾನು ಕೇಳುವುದು ಬಹಳ ಕಡಮೆಯದನ್ನು. ನಗದು ವಹಿಯಲ್ಲಿ ನಿಮ್ಮ ಸಾಲನ್ನು ನೀವೇ ಬರೆಯಿರಿ. ಕಂಡದ್ದನ್ನು ಕೇಳಿದಾಗ ಕಂಡೆನೆಂದು ಹೇಳಿರಿ. ಹರಿಶ್ಚಂದ್ರನೆಂದು ಒಬ್ಬರನ್ನು ಹಂಗಿಸಿ ಉಳಿದವರು ನಗುವಾಗ ನೀವು ನಗಬೇಡಿರಿ. ಮತ್ತು ನಿಮ್ಮ ಕಚೇರಿಯಲ್ಲಿ ಕಿಟಕಿಯ ಪಕ್ಕದಲ್ಲಿ ಒಬ್ಬರೇ ಬುತ್ತಿ ಬಿಚ್ಚುವವರಿದ್ದರೆ, ನಾಳೆ ಮಧ್ಯಾಹ್ನ ನಿಮ್ಮ ಡಬ್ಬಿಯನ್ನು ಅವರ ಮೇಜಿಗೆ ತೆಗೆದುಕೊಂಡು ಹೋಗಿರಿ.