ರೂಪ ಬದಲಿಸುವ ವೈರಸ್ಸೂ ನಮ್ಮ ಲಸಿಕೆಯೂ

“ಎರಡು ಸಾರಿ ಲಸಿಕೆ ಹಾಕಿಸಿಕೊಂಡರೂ ರೋಗ ಬಂತಲ್ಲಾ! ಇನ್ನು ಅದರಿಂದ ಏನು ಪ್ರಯೋಜನ?” ಎಂದು ನಮ್ಮಲ್ಲಿ ಅನೇಕರು ಕೇಳುವದುಂಟು. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಬಿಡುವದು ಯೋಗ್ಯವಲ್ಲ. ಯಾಕಂದರೆ 2020ನೆಯ ಮಾರ್ಚಿಯಲ್ಲಿ ಕರೋನಾದಿಂದ ಭಾರತದಲ್ಲಿ ಮೊದಲು ತೀರಿಹೋದವರು ನಮ್ಮ ಕಲಬುರಗಿಯ ವೃದ್ಧರೊಬ್ಬರು.

ಸಿಡುಬಿನ ವೈರಸ್ಸು ತನ್ನ ರೂಪವನ್ನು ಹೆಚ್ಚು ಬದಲಿಸಲಿಲ್ಲ. ಲಸಿಕೆಯಿಂದ ಅದು ನಿರ್ಮೂಲವಾಯಿತೆಂದು 1980ರಲ್ಲಿ ಸಾರಲಾಯಿತು. ಕರೋನಾದ ಸ್ವಭಾವವೇ ಬೇರೆ. 2021ನೆಯ ಡಿಸೆಂಬರ 2ರಂದು ಒಮಿಕ್ರಾನ್ ಎಂಬ ತಳಿಯು ಭಾರತದೊಳಗೆ ಮೊದಲು ಬೆಂಗಳೂರಿನಲ್ಲಿ ಗೊತ್ತಾಯಿತು. ಅದರ ಮೈಮೇಲಿನ ಮುಳ್ಳುಗಳು ಬಹಳವಾಗಿ ಮಾರ್ಪಟ್ಟಿದ್ದದರಿಂದ ಲಸಿಕೆ ಹುಟ್ಟಿಸಿದ ಪ್ರತಿಕಾಯಗಳು ಅದನ್ನು ಚೆನ್ನಾಗಿ ಗುರುತಿಸಲಾರದೆ ಹೋದವು, ಸೋಂಕು ಹಬ್ಬಿತು. ಆದರೆ ದೇಹದ ಇನ್ನೊಂದು ಕಾವಲಾದ ಟಿ-ಕಣಗಳು ವೈರಸ್ಸಿನ ಬದಲಾಗದ ಭಾಗಗಳನ್ನೂ ಅರಿಯುವವು. ಆದದರಿಂದ ಲಸಿಕೆ ಪಡೆದವರಲ್ಲಿ ಕಠಿಣ ರೋಗವೂ ಮರಣವೂ ಬಹಳ ಕಡಿಮೆಯಾದವು. 2022ನೆಯ ಜನವರಿ 10ರಿಂದ ಕೊಡಲ್ಪಟ್ಟ ಮುನ್ನೆಚ್ಚರಿಕೆಯ ಡೋಸಿನಲ್ಲಿಯೂ ಸೋಂಕು ತಡೆಯುವ ಶಕ್ತಿ ಕೆಲವು ತಿಂಗಳಲ್ಲಿ ತಗ್ಗಿತು. ಪ್ರಾಣ ಕಾಯುವ ಶಕ್ತಿ ಹೆಚ್ಚು ಕಾಲ ನಿಂತಿತು.

ಹೀಗಿರಲಾಗಿ ಇಂಥ ಲಸಿಕೆಯು ಮಳೆಯಲ್ಲಿ ಹೊದ್ದ ಕಂಬಳಿಯ ಕೊಪ್ಪೆಯಂತೆ: ಕಾಲು ನೆನೆದೀತು, ಮೈ ಬೆಚ್ಚಗಿರುವದು.

ನಮಗೆ ಭಯವಿರುವದು ಬೇರೊಂದರ ವಿಷಯದಲ್ಲಿ. ಈ ಬೇಸರವು ಮಕ್ಕಳ ದಡಾರದ ಲಸಿಕೆಗೂ ತಗಲಿದರೆ ಕುಂಚಾವರಂ ಕಾಡಿನ ತಾಂಡಾಗಳ ಕೂಸುಗಳೇ ಅದರ ಬೆಲೆ ತೆರಬೇಕಾದೀತು. ದಡಾರದ ವೈರಸ್ಸು ಲಸಿಕೆಯನ್ನು ತಪ್ಪಿಸಿಕೊಳ್ಳುವ ರೂಪವನ್ನು ಇದುವರೆಗೆ ತಾಳಿಲ್ಲ. 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಈ ಎರಡು ಡೋಸುಗಳು ಬಹುತೇಕ ಎಲ್ಲಾ ಮಕ್ಕಳನ್ನು ಕಾಯುವವು.

ಈ ಶಾಲೆಯಲ್ಲಿ ಓದಿ ತಾಯಂದಿರಾದ ಸಹೋದರಿಯರೇ, ನೆರೆಯವರಿಗೆ ಈ ಭೇದವನ್ನು ತಿಳಿಯಹೇಳಿರಿ. ಮನೆಯ ವೃದ್ಧರ ವಿಷಯದಲ್ಲಿ ವೈದ್ಯರನ್ನು ಕೇಳಿರಿ; ಮಕ್ಕಳ ಲಸಿಕೆಯ ಕಾರ್ಡನ್ನು ಇಂದೇ ತೆಗೆದು ನೋಡಿರಿ.